ಮೊದಲ ಸಂಬಳಕ್ಕೆ 1957ರ ಅಳತೆಗೋಲು

"ಸಾರ್, ಬೆಂಗಳೂರಲ್ಲಿ ಕೆಲಸ ಸಿಕ್ಕಿದೆ. ಕೈಗೆ 20,000 ಬರುತ್ತೆ. ಪರವಾಗಿಲ್ವಾ?" ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಪ್ರಶ್ನೆ ಇದು. ತಂದೆ ಮದ್ದೂರಿನಲ್ಲಿ ಎಳನೀರು ವ್ಯಾಪಾರಿ. ಮನೆಗೆ ಇವನೇ ಮೊದಲ ಪದವೀಧರ.

ಈ ಪ್ರಶ್ನೆಗೆ ಚರಿತ್ರೆಯಲ್ಲಿ ಒಂದು ಅಳತೆಗೋಲು ಇದೆ. 1957ರ 15ನೆಯ ಭಾರತೀಯ ಕಾರ್ಮಿಕ ಸಮ್ಮೇಳನವು ಕನಿಷ್ಠ ವೇತನವನ್ನು ಮನೆಯ ಅಗತ್ಯದಿಂದ ಲೆಕ್ಕ ಹಾಕಬೇಕೆಂದು ಒಪ್ಪಿತು. ಊಟಕ್ಕೆ ಡಾ. ಅಯ್ಕ್ರಾಯ್ಡ್ ಅವರ ಪೌಷ್ಟಿಕತೆಯ ಲೆಕ್ಕ, ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ (ಹಬ್ಬದ ಬಟ್ಟೆಯೂ ಇದರಲ್ಲೇ ಆಗಬೇಕು!), ಮನೆ ಬಾಡಿಗೆ ಬೇರೆ, ಅದರ ಜೊತೆಗೆ ಸೌದೆ, ದೀಪ ಮುಂತಾದವಕ್ಕೆ ಶೇ. 20. ಮಕ್ಕಳ ಶಿಕ್ಷಣ, ಔಷಧಿ, ಮದುವೆ, ಮುಪ್ಪಿಗೆಂದು ಇನ್ನೂ ಶೇ. 25 ಸೇರಬೇಕೆಂದು 1991ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಗಮನಿಸಿ, ಇದು ಪದವೀಧರನ ಸಂಬಳವಲ್ಲ, ಕಾರ್ಮಿಕನ ಕನಿಷ್ಠ ವೇತನ.

ಕರ್ನಾಟಕ ಸರ್ಕಾರ 2024ರ ಆಗಸ್ಟ್ 1ರಿಂದ ತನ್ನ ನೌಕರರ ಕನಿಷ್ಠ ಮೂಲ ವೇತನವನ್ನು 17,000ದಿಂದ 27,000ಕ್ಕೆ ಏರಿಸಿತು. ಇದರ ಮುಂದೆ ಹುಡುಗನ 20,000 ಚಿಕ್ಕದೇ. ಕಂಪನಿಗಳು ಹೇಳುವ 'ವರ್ಷಕ್ಕೆ ಇಷ್ಟು ಲಕ್ಷ'ದಲ್ಲಿ ಭವಿಷ್ಯ ನಿಧಿಯ ಪಾಲೂ ಸೇರಿರುತ್ತದೆ. ಅದು ತಿಂಗಳ ಖರ್ಚಿಗೆ ಒದಗದು.

ಇಬ್ಬರೂ ಕುಳಿತು ಲೆಕ್ಕ ಬರೆದೆವು. ಊಟ ಸಹಿತ ಪಿ.ಜಿ. 8,500, ಬಸ್ಸು-ಮೊಬೈಲು 2,500, ಮನೆಗೆ 6,000. ಉಳಿದದ್ದು 3,000. ಒಂಟಿ ಹುಡುಗನಿಗೆ ಸಾಕು, ಸಂಸಾರಕ್ಕೆ ಸಾಲದು. ಕೆಲಸ ಕಲಿಯುವ ಅವಕಾಶವಿತ್ತು, ಹೋಗೆಂದೆ. ಹೊರಡುವ ಮೊದಲು ಸಂಬಳ ಯಾವಾಗ ಏರುತ್ತದೆಂದು ಕಂಪನಿಯಿಂದ ಲಿಖಿತವಾಗಿ ಪಡೆದುಕೊಂಡ.