ಸೋಡಿಯಂ ಕ್ಲೋರೈಡ್–ಫೆರಿಕ್ ಕ್ಲೋರೈಡ್ ದ್ರವ ಮಿಶ್ರಣದ ಪ್ರಾವಸ್ಥಾ ಸಂಬಂಧಗಳು: ಕ್ಲೋರಿನ್ ಒತ್ತಡದ ಪಾತ್ರ

ಸೋಡಿಯಂ ಕ್ಲೋರೈಡ್ ಕರಗುವುದು 801 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಜಲರಹಿತ ಫೆರಿಕ್ ಕ್ಲೋರೈಡ್ ಸುಮಾರು 305ರಲ್ಲಿ. ಇವೆರಡನ್ನೂ ಸಮ ಮೋಲ್ ಪ್ರಮಾಣದಲ್ಲಿ ಬೆರೆಸಿದರೆ ಮಿಶ್ರಣ 160 ಡಿಗ್ರಿಯ ಆಸುಪಾಸಿನಲ್ಲೇ ದ್ರವವಾಗತೊಡಗುತ್ತದೆ. ಇದಕ್ಕೆ ಕಾರಣ ಬರಿಯ ಬೆರಕೆಯಲ್ಲ, ರಾಸಾಯನಿಕ ಕ್ರಿಯೆ. ಮೂರು ಧನಾವೇಶದ ಕಬ್ಬಿಣವು ಉಪ್ಪಿನಿಂದ ಕ್ಲೋರೈಡ್ ಅಯಾನನ್ನು ಸೆಳೆದುಕೊಂಡು ಚತುರ್ಮುಖಿ ಆಕಾರದ ಟೆಟ್ರಾಕ್ಲೋರೋಫೆರೇಟ್ ಆಗುತ್ತದೆ. ಒಂದೇ ಋಣಾವೇಶ ಅಷ್ಟು ದೊಡ್ಡ ಅಯಾನಿನ ಮೇಲೆ ಹರಡಿಕೊಳ್ಳುವುದರಿಂದ ಸೋಡಿಯಂ ಜೊತೆಗಿನ ಬಂಧ ಸಡಿಲವಾಗಿರುತ್ತದೆ, ಸ್ಫಟಿಕ ಜಾಲ ಕಡಿಮೆ ಶಾಖಕ್ಕೇ ಕಳಚಿಕೊಳ್ಳುತ್ತದೆ. ಎರಡು ಧನಾವೇಶದ ಕಬ್ಬಿಣವಿರುವ ಫೆರಸ್ ಕ್ಲೋರೈಡಿಗೆ ಕ್ಲೋರೈಡ್ ಮೇಲೆ ಇಷ್ಟು ಹಿಡಿತವಿಲ್ಲ. ಅದರೊಡನೆ ಉಪ್ಪು ಕೊಡುವ ಯೂಟೆಕ್ಟಿಕ್ ಬಿಂದು, ಅಂದರೆ ಮಿಶ್ರಣ ದ್ರವವಾಗುವ ಅತಿ ಕಡಿಮೆ ಉಷ್ಣತೆ, ಸುಮಾರು 370 ಡಿಗ್ರಿ. ಕಬ್ಬಿಣದ ಒಂದು ಎಲೆಕ್ಟ್ರಾನು ಇನ್ನೂರು ಡಿಗ್ರಿಗಳ ಅಂತರ ತರುತ್ತದೆ.

ಈ ಅಂತರವೇ ಪ್ರಯೋಗಕಾರರಿಗೆ ತೊಡಕು. ಫೆರಿಕ್ ಕ್ಲೋರೈಡ್ ಸುಲಭವಾಗಿ ಆವಿಯಾಗುತ್ತದೆ, ತೇವ ತಾಗಿದರೆ ಜಲವಿಭಜನೆಗೊಳ್ಳುತ್ತದೆ, ಕಾಯಿಸಿದಷ್ಟೂ ಕ್ಲೋರಿನ್ ಬಿಟ್ಟುಕೊಟ್ಟು ಭಾಗಶಃ ಫೆರಸ್ ರೂಪಕ್ಕೆ ಇಳಿಯುತ್ತದೆ. ತೆರೆದ ಮೂಸೆಯಲ್ಲಿ ಅಳೆದ ಕರಗುವಿಕೆಯ ರೇಖೆ ಯಾವ ಸಂಯೋಜನೆಯದ್ದೆಂದು ಹೇಳಲಾಗದು. ಆದ್ದರಿಂದಲೇ ಮುಚ್ಚಿ ಬೆಸೆದ ಕ್ವಾರ್ಟ್ಸ್ ನಳಿಕೆ ಅನಿವಾರ್ಯ. ಅಲ್ಲಿಯೂ ದ್ರವದ ಮೇಲಿನ ಖಾಲಿ ಜಾಗ ಹೆಚ್ಚಿದಷ್ಟು ಕ್ಲೋರಿನ್ ಹೊರಬಂದು ತುಂಬಿಕೊಳ್ಳುತ್ತದೆ.

ಗಿಬ್ಸ್ ಪ್ರಾವಸ್ಥಾ ನಿಯಮ ಈ ಕ್ಲೋರಿನ್ ನಷ್ಟದ ಪರಿಣಾಮವನ್ನು ಸ್ಪಷ್ಟಪಡಿಸುತ್ತದೆ. ಎರಡೇ ಘಟಕಗಳೆಂದುಕೊಂಡರೆ, ಸ್ಥಿರ ಒತ್ತಡದಲ್ಲಿ ಎರಡು ಘನ ಮತ್ತು ಒಂದು ದ್ರವ ಒಟ್ಟಿಗಿರುವ ಯೂಟೆಕ್ಟಿಕ್‌ನಲ್ಲಿ ಸ್ವಾತಂತ್ರ್ಯಾಂಶ ಶೂನ್ಯ, ಉಷ್ಣತೆ ಒಂದೇ. ಫೆರಸ್ ಕಬ್ಬಿಣ ದ್ರವದೊಳಗೆ ಸೇರಿದೊಡನೆ ಘಟಕಗಳು ಮೂರಾಗುತ್ತವೆ, ಸ್ವಾತಂತ್ರ್ಯಾಂಶ ಒಂದಕ್ಕೇರುತ್ತದೆ, ಕರಗುವಿಕೆ ಒಂದು ಬಿಂದುವಿನಲ್ಲಿ ನಿಲ್ಲದೆ ಜಾರುತ್ತದೆ. ಉಷ್ಣವಿಶ್ಲೇಷಣೆಯ ರೇಖೆಯಲ್ಲಿ ಮೊನಚಾದ ತಿರುವಿನ ಬದಲು ಚಪ್ಪಟೆ ಇಳಿಜಾರು ಕಂಡರೆ ಅದನ್ನು ಉಪಕರಣದ ದೋಷವೆಂದು ತಳ್ಳಿಹಾಕುವುದು ಸರಿಯಲ್ಲ. ಅನಿಲವನ್ನೂ ಒಂದು ಪ್ರಾವಸ್ಥೆಯಾಗಿ ಸೇರಿಸಿ ಕ್ಲೋರಿನ್ ಒತ್ತಡವನ್ನು ನಿಗದಿಗೊಳಿಸಿದರೆ ಸ್ವಾತಂತ್ರ್ಯಾಂಶ ಮತ್ತೆ ಶೂನ್ಯವಾಗುತ್ತದೆ. ನನ್ನ ಮಟ್ಟಿಗೆ, ಕ್ಲೋರಿನ್ ಒತ್ತಡವನ್ನು ನಮೂದಿಸದ ಪ್ರಾವಸ್ಥಾ ನಕ್ಷೆ ಅಪೂರ್ಣ.

ಉಪ್ಪಿನ ಪ್ರಮಾಣ ಹೆಚ್ಚಿರುವ ಬದಿಯಲ್ಲಿ ಈ ಎಚ್ಚರ ಇನ್ನೂ ಮುಖ್ಯ. ಅಲ್ಲಿನ ರೇಖೆ ಉಪ್ಪಿನ 801ರತ್ತ ಕಡಿದಾಗಿ ಏರುವುದರಿಂದ ಅಳತೆಯ ಉಷ್ಣತೆಯೂ ಹೆಚ್ಚು, ಕ್ಲೋರಿನ್ ನಷ್ಟವೂ ಹೆಚ್ಚು. ಕೈಗಾರಿಕೆಯಲ್ಲೂ ಇದು ಮುಖ್ಯ: ಟೈಟಾನಿಯಂ ಟೆಟ್ರಾಕ್ಲೋರೈಡ್ ಆವಿಯಿಂದ ಕಬ್ಬಿಣವನ್ನು ಹಿಡಿದಿಡಲು ಬಳಸುವ ಉಪ್ಪಿನ ಹಾಸಿನಲ್ಲಿ ಕ್ಲೋರಿನ್ ಉಳಿದಿದ್ದರೆ ಕಬ್ಬಿಣ ಫೆರಿಕ್ ಆಗಿಯೇ ನಿಂತು, ಉಪ್ಪಿನ ಹರಳುಗಳ ನಡುವೆ ಕೆಳ ಉಷ್ಣತೆಯ ದ್ರವವಾಗಿ ಹರಿಯುತ್ತದೆ. ಕ್ಲೋರಿನ್ ವಿರಳವಾದಾಗ ಅದೇ ಹಾಸು ಫೆರಸ್ ಲವಣದಿಂದ ಗಟ್ಟಿಕಟ್ಟಬಹುದು.