ಮೈಸೂರು ಜಾವಾದ ಮುಂಗಾಲು

ಜಾವಾ, ಯೆಜ್ಡಿ ಅಂದ ಕೂಡಲೇ ಎಲ್ಲರೂ ಅದರ ಸದ್ದಿನ ಬಗ್ಗೆ ಮಾತಾಡ್ತಾರೆ. ಕಿಕ್ಕರ್ರನ್ನೇ ಮಡಚಿ ಗೇರ್ ಲಿವರ್ ಮಾಡೋ ಉಪಾಯದ ಬಗ್ಗೆ ಹೇಳ್ತಾರೆ. ಅದರ ಮುಂದಿನ ಫೋರ್ಕಿನ ಸುದ್ದಿ ಮಾತ್ರ ಯಾರೂ ಎತ್ತಲ್ಲ. ಎತ್ತಿನ ಗಾಡಿ ಜಾಡಿನಲ್ಲಿ ನಮ್ಮ ಹಿಂದಿನ ತಲೆಮಾರಿನವರ ಮೈಕೈ ಕಾಪಾಡಿದ್ದು ಅದೇ ಅಲ್ವಾ?

ಸ್ವಲ್ಪ ಹಿಂದಕ್ಕೆ ಹೋಗೋಣ. 1930ರ ದಶಕದವರೆಗೂ ಹೆಚ್ಚಿನ ಬೈಕುಗಳಿಗೆ ಗರ್ಡರ್ ಫೋರ್ಕ್ ಇರ್ತಿತ್ತು. ಅಂದ್ರೆ ಎರಡು ಗಟ್ಟಿ ಕಾಲು, ಮಧ್ಯೆ ಒಂದು ಸ್ಪ್ರಿಂಗು, ನಾಲ್ಕಾರು ಕೀಲು. 1935ರಲ್ಲಿ ಬಿಎಂಡಬ್ಲ್ಯು ತನ್ನ ಆರ್ 12 ಬೈಕಿಗೆ ಎಣ್ಣೆ ತುಂಬಿದ ಟೆಲಿಸ್ಕೋಪಿಕ್ ಫೋರ್ಕ್ ಹಾಕಿತು. ಕೊಳವೆಯೊಳಗೆ ಕೊಳವೆ ಜಾರುತ್ತೆ, ಸ್ಪ್ರಿಂಗು ಭಾರ ಹೊರುತ್ತೆ, ಎಣ್ಣೆ ಕುಣಿತ ನಿಲ್ಲಿಸುತ್ತೆ. ಅಷ್ಟೇ ಕತೆ.

ಆಮೇಲೆ ಯುದ್ಧ ಬಂತು. ಜರ್ಮನ್ನರ ಹಿಡಿತದಲ್ಲಿದ್ದ ಜಾವಾ ಕಾರ್ಖಾನೆಯ ಎಂಜಿನಿಯರ್‌ಗಳು ಗುಟ್ಟಾಗಿ ಒಂದು 250 ಸಿಸಿ ಬೈಕು ರೂಪಿಸಿದ್ರು. 1946ರಲ್ಲಿ ಹೊರಬಂದ ಆ ಬೈಕಿಗೆ ಮುಂದೆ ಟೆಲಿಸ್ಕೋಪಿಕ್ ಫೋರ್ಕ್, ಹಿಂದೂ ಸ್ಪ್ರಿಂಗು. ಜನ ಅದಕ್ಕೆ ಪ್ರೀತಿಯಿಂದ 'ಪೆರಾಕ್' ಅಂದ್ರು. ಚೆಕ್ ಭಾಷೆಯಲ್ಲಿ 'ಪೆರೊ' ಅಂದ್ರೆ ಸ್ಪ್ರಿಂಗು. ಬೈಕಿನ ಹೆಸರೇ ಸಸ್ಪೆನ್ಷನ್ನಿಂದ ಬಂದಿದ್ದು :) 1954ರಲ್ಲಿ ಹಿಂದಿನ ಚಕ್ರಕ್ಕೆ ಸ್ವಿಂಗ್ ಆರ್ಮ್ ಸೇರಿ, 353 ಅನ್ನೋ ಮಾಡೆಲ್ ಆಯ್ತು.

ಆ 353 ನಮ್ಮ ಮೈಸೂರಿಗೆ ಬಂತು. ರುಸ್ತುಂ ಮತ್ತು ಫರೂಖ್ ಇರಾನಿ 1960ರಲ್ಲಿ ಐಡಿಯಲ್ ಜಾವಾ ಶುರು ಮಾಡಿದ್ರು. ಜಯಚಾಮರಾಜ ಒಡೆಯರ್ ಅವರ ಬೆಂಬಲ ಇತ್ತು. ಯಾದವಗಿರಿಯ ಕಾರ್ಖಾನೆಯಿಂದ 1961ರಲ್ಲಿ ಬೈಕುಗಳು ಹೊರಬಂದ್ವು. 1973ರಿಂದ ಹೆಸರು ಯೆಜ್ಡಿ. 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು.

ಬೀಗ ಬಿದ್ದ ಮೇಲೂ ಈ ಬೈಕು ಸಾಯಲಿಲ್ಲ ಯಾಕೆ? ನನ್ನ ಪ್ರಕಾರ ಉತ್ತರದ ಒಂದು ಪಾಲು ಈ ಫೋರ್ಕಿನಲ್ಲೇ ಇದೆ. ಇದರಲ್ಲಿ ಸವೆಯೋದು ಮೂರೇ ವಸ್ತು: ಬುಷ್, ಆಯಿಲ್ ಸೀಲ್, ಕೊಳವೆಯ ಮೈ. ಬುಷ್ಷನ್ನು ಒಳ್ಳೆ ಲೇತ್ ಕೆಲಸಗಾರ ಕಂಚಿನಲ್ಲಿ ಕಡೆದು ಕೊಡ್ತಾನೆ. ಕೊಳವೆ ಸೊಟ್ಟ ಆಗಿರದೆ ಬರೀ ತುಕ್ಕು ಹಿಡಿದಿದ್ರೆ ಉಜ್ಜಿಸಿ, ಹಾರ್ಡ್ ಕ್ರೋಮ್ ಮಾಡಿಸಿ, ಮತ್ತೆ ಅಳತೆಗೆ ಗ್ರೈಂಡ್ ಮಾಡಿಸಬಹುದು. ಸೀಲ್ ಅಳತೆ ನೋಡಿ ತಂದ್ರೆ ಆಯ್ತು. ಚೆಕ್ಕರು ಗೀಚಿದ ನಕ್ಷೆಯನ್ನು ಮೈಸೂರು ಬೆಳೆಸಿತು, ನಮ್ಮ ಸಣ್ಣ ಊರುಗಳ ಲೇತ್ ಅಂಗಡಿಗಳು ಉಳಿಸಿದ್ವು.

ಈ ಪ್ರಶ್ನೆ ನನಗೆ ಬಂದಿದ್ದು ಉಬ್ರಾಣಿಯ ನಮ್ಮನೆ ಯೆಜ್ಡಿಯಿಂದ. ದೊಡ್ಡಪ್ಪ ಅಡಿಕೆ ತೋಟಕ್ಕೆ ಓಡಿಸ್ತಿದ್ದ ಗಾಡಿ. ಫೋರ್ಕಿನಿಂದ ಎಣ್ಣೆ ಸೋರ್ತಿತ್ತು, ಬ್ರೇಕ್ ಹಿಡಿದ್ರೆ ಹ್ಯಾಂಡಲ್ ಟಕ್ ಅಂತಿತ್ತು. "ಈಗಿನ ಬೈಕಿನ ಫೋರ್ಕು ಡಿಸ್ಕ್ ಸಮೇತ ಕೂರಿಸಿಬಿಡೋಣ ಸಾರ್, ತಲೆನೋವೇ ಇರಲ್ಲ" ಅಂದ ಮೆಕ್ಯಾನಿಕ್. ಆಸೆ ಆಗೋ ಮಾತೇ. ಆದ್ರೆ ಫೋರ್ಕಿನ ಉದ್ದ ಬದಲಾದ್ರೆ ಚಕ್ರದ ಕೋನ ಬದಲಾಗುತ್ತೆ, ತಿರುವಿನಲ್ಲಿ ಗಾಡಿಯ ಗುಣವೇ ಬೇರೆ ಆಗುತ್ತೆ. ಡಿಸ್ಕ್ ಬ್ರೇಕಿನ ಎಳೆತ ಹಳೇ ಚಾಸಿಯ ಕುತ್ತಿಗೆ ಮೇಲೆ ಬೀಳುತ್ತೆ. ಕತ್ತರಿಸಿದ ಹೆಡ್‌ಲೈಟ್ ಕವಚ ಮತ್ತೆ ಕೂಡಲ್ಲ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರು ಮರಳಿ ಬಂದ್ವು ನಿಜ, ಅವು ಬೇರೆಯೇ ಯಂತ್ರಗಳು.

ಹಾಗಾದ್ರೆ ಉತ್ತಮಪಡಿಸೋದೇ ಬೇಡ್ವಾ? ಬೇಕು, ವಾಪಸ್ ತೆಗೆಯಬಹುದಾದ ರೀತಿಯಲ್ಲಿ. ಮೊದಲು ಎರಡೂ ಸ್ಪ್ರಿಂಗಿನ ಉದ್ದ ಅಳೆದು ನೋಡಿ, ಒಂದು ಕುಗ್ಗಿದ್ರೆ ಜೋಡಿಯನ್ನೇ ಬದಲಿಸಿ. ಕೊಳವೆಗಳನ್ನು ದಪ್ಪ ಗಾಜಿನ ಮೇಲೆ ಉರುಳಿಸಿದ್ರೆ ಸೊಟ್ಟ ಇದೆಯೋ ಇಲ್ಲವೋ ಗೊತ್ತಾಗುತ್ತೆ. ಕೋನ್ ಸೆಟ್ ಅದೇ ಹೊತ್ತಿಗೆ ನೋಡಿಬಿಡಿ. ಧೂಳು ತಡೆಯೋಕೆ ರಬ್ಬರ್ ಗೇಟರ್ ಹಾಕಿ. ಎಣ್ಣೆ ಎರಡೂ ಕಾಲಿಗೆ ಅಳೆದು ಸಮ ಹಾಕಿ.

ಇಲ್ಲೊಂದು ಗಣಿತ ಇದೆ. ತೂತಿನ ಮೂಲಕ ಎಣ್ಣೆ ಹಾಯೋ ಫೋರ್ಕಿನಲ್ಲಿ ವೇಗ ಎರಡು ಪಟ್ಟಾದ್ರೆ ತಡೆ ಸುಮಾರು ನಾಲ್ಕು ಪಟ್ಟಾಗುತ್ತೆ. ಹಾಗಾಗಿ ಬ್ರೇಕಿಗೆ ಮೂತಿ ಕೆಳಗೆ ಹೋಗುತ್ತೆ ಅಂತ ತೀರಾ ದಪ್ಪ ಎಣ್ಣೆ ಹಾಕಿದ್ರೆ, ಕಲ್ಲಿನ ದಾರಿಯಲ್ಲಿ ಕೈಗೆ ಹೊಡೆತ ಬೀಳುತ್ತೆ. ಒಂದೊಂದೇ ಹೆಜ್ಜೆ ದಪ್ಪ ಮಾಡಿ ನೋಡಬೇಕು. ಕೊನೆಗೆ ಜೋಡಿಸುವಾಗ ಆಕ್ಸೆಲ್ಲಿನ ಬಳಿ ಬೋಲ್ಟು ಸಡಿಲ ಬಿಟ್ಟು, ಮುಂಭಾಗ ನಾಲ್ಕೈದು ಸಲ ಅದುಮಿ, ಆಮೇಲೆ ಬಿಗಿಯಿರಿ. ಕಾಲುಗಳು ತಾವಾಗೇ ಸರಿಯಾಗಿ ನಿಲ್ತವೆ.

ಲೇತಿನಲ್ಲಿ ಬುಷ್ ಕಡೆಯೋ ಹಿರಿಯರು ವರ್ಷದಿಂದ ವರ್ಷಕ್ಕೆ ಕಡಿಮೆ ಆಗ್ತಿದ್ದಾರೆ. ಮೈಸೂರಿನ ಕಾರ್ಖಾನೆ ಹೋದಾಗ ಬೈಕು ಉಳೀತು. ಇವರೂ ಹೋದ್ರೆ ಉಳಿಯೋದು ಕಷ್ಟ. ನಿಮ್ಮೂರಲ್ಲಿ ಅಂಥವರೊಬ್ಬರಿದ್ರೆ, ಮನೆಯ ಹಳೇ ಗಾಡಿ ಗುಜರಿಗೆ ಕೊಡೋ ಮುಂಚೆ ಒಮ್ಮೆ ಅವರ ಹತ್ರ ತಗೊಂಡು ಹೋಗಿ. ಪಕ್ಕದಲ್ಲಿ ನಿಂತು ಆ ಕೆಲಸ ನೋಡಿ, ಅಳತೆಗಳನ್ನ ಒಂದು ಕಡೆ ಬರೆದಿಟ್ಕೊಳ್ಳಿ.