ಹಿಂದೆ ಕುಳಿತು ಮುನ್ನಡೆಸಿದವನು

ನಾರಾಯಣಪೇಟೆ, ಮಖ್ತಲ್, ಗದ್ವಾಲ ಸೀಮೆಯ ನಮ್ಮ ಹಳ್ಳಿಗಳಲ್ಲಿ ತಾಳವನ್ನು ಪುಸ್ತಕದಿಂದ ಕಲಿತವರು ವಿರಳ. ಮೊಹರಮ್ಮಿನ ರಾತ್ರಿ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರಿಗೆ ಹಲಗೆಯ ಪೆಟ್ಟೇ ಪಾಠ. ಬಯಲಾಟದ ಪಾತ್ರಧಾರಿಗೆ ಹಿಮ್ಮೇಳದ ಮದ್ದಳೆಯೇ ಗುರು. ಮನೆಯ ಮಾತು ಕನ್ನಡವಾಗಿರಲಿ, ತೆಲುಗಾಗಿರಲಿ, ಹಲಗೆಯ ಮಾತು ಎಲ್ಲರಿಗೂ ಒಂದೇ. ಆದರೂ ಕುಣಿದವರನ್ನೂ ಹಾಡಿದವರನ್ನೂ ಊರು ನೆನಪಿಟ್ಟುಕೊಳ್ಳುವಷ್ಟು ದಿನ ಬಾರಿಸಿದವನನ್ನು ನೆನಪಿಟ್ಟುಕೊಳ್ಳುವುದಿಲ್ಲ. ಈ ಮರೆವು ನಮ್ಮೊಬ್ಬರದೇ ಅಲ್ಲವೆಂಬುದಕ್ಕೆ ದೂರದ ಅಮೆರಿಕೆಯ ಒಬ್ಬ ಕಲಾವಿದನ ಬದುಕು ಸಾಕ್ಷಿಯಾಗಿದೆ. ಆತನೇ ಜಾಝ್ ಸಂಗೀತದ ಮೊದಲ ಮಹಾನ್ ವಾದ್ಯವೃಂದ ನಾಯಕ-ಡ್ರಮ್‌ವಾದಕರಲ್ಲಿ ಒಬ್ಬನಾದ ಚಿಕ್ ವೆಬ್.

ವಿಲಿಯಂ ಹೆನ್ರಿ ವೆಬ್ ಎಂಬುದು ಆತನ ಪೂರ್ಣ ಹೆಸರು. ಹುಟ್ಟಿದ್ದು ಬಾಲ್ಟಿಮೋರ್ ನಗರದ ಬಡ ಕಪ್ಪುಜನರ ಕೇರಿಯಲ್ಲಿ, ಫೆಬ್ರವರಿ 10ರಂದು. ವರ್ಷದ ಬಗ್ಗೆ ಭಿನ್ನಾಭಿಪ್ರಾಯಗಳಿದ್ದರೂ 1905 ಎಂಬುದು ಈಗ ಹೆಚ್ಚು ಒಪ್ಪಿತವಾಗಿದೆ. ಎಳೆತನದಲ್ಲಿಯೇ ಬೆನ್ನುಮೂಳೆಗೆ ಕ್ಷಯ ತಗುಲಿತು. ಬೆನ್ನು ಗೂನಾಯಿತು, ಬೆಳವಣಿಗೆ ನಿಂತಿತು. ಪ್ರೌಢನಾದ ಮೇಲೂ ಆತನ ಎತ್ತರ ನಾಲ್ಕು ಅಡಿಗಿಂತ ತುಸು ಮಾತ್ರ ಹೆಚ್ಚಾಗಿತ್ತು. 'ಚಿಕ್' ಎಂದರೆ ಕೋಳಿಮರಿ. ಕುಳ್ಳು ದೇಹಕ್ಕೆ ಅಂಟಿದ ಅಡ್ಡಹೆಸರೇ ಮುಂದೆ ಕೀರ್ತಿಯ ಹೆಸರಾಯಿತು. ಬಿಗಿದುಕೊಂಡ ಕೈಕಾಲುಗಳು ಸಡಿಲವಾಗಲೆಂದು ವೈದ್ಯರು ಡ್ರಮ್ ಬಾರಿಸಲು ಸಲಹೆಯಿತ್ತರೆಂದು ಹೇಳುತ್ತಾರೆ. ಬಾಲಕ ವೆಬ್ ಬೀದಿಯಲ್ಲಿ ಪತ್ರಿಕೆಗಳನ್ನು ಮಾರಿ, ಆ ಹಣದಿಂದ ತನ್ನ ಮೊದಲ ಡ್ರಮ್‌ಗಳನ್ನು ಕೊಂಡುಕೊಂಡನು.

ವಿಹಾರದ ಹಡಗುಗಳ ಮೇಲೆ ಬಾರಿಸುತ್ತಿದ್ದ ಈ ಯುವಕ 1920ರ ದಶಕದ ನಡುವಿನಲ್ಲಿ ಗಿಟಾರ್‌ವಾದಕ ಗೆಳೆಯ ಜಾನ್ ಟ್ರೂಹಾರ್ಟ್‌ನೊಡನೆ ನ್ಯೂಯಾರ್ಕ್ ಸೇರಿದನು. ಅಲ್ಲಿನ ಹಾರ್ಲೆಮ್ ಬಡಾವಣೆ ಆಗ ಕಪ್ಪುಜನರ ಸಾಹಿತ್ಯ, ಸಂಗೀತ, ಚಿಂತನೆಗಳ ತವರಾಗಿತ್ತು. ಡ್ಯೂಕ್ ಎಲಿಂಗ್ಟನ್‌ರ ನೆರವಿನಿಂದ ವೆಬ್‌ಗೆ 1926ರಲ್ಲಿ ಸ್ವಂತ ತಂಡ ಕಟ್ಟುವ ಅವಕಾಶ ದೊರೆಯಿತು. ಕೆಲಸವಿಲ್ಲದ ದಿನಗಳೂ ಬಂದವು. ಒಳ್ಳೆಯ ವಾದಕರನ್ನು ದೊಡ್ಡ ತಂಡಗಳು ಸೆಳೆದುಕೊಂಡವು. ಸ್ಯಾಕ್ಸೋಫೋನ್‌ನ ಮಾಧುರ್ಯಕ್ಕೆ ಹೆಸರಾದ ಜಾನಿ ಹಾಡ್ಜಸ್ ವೆಬ್‌ನ ತಂಡದಲ್ಲಿದ್ದವರೇ. 1928ರಲ್ಲಿ ಎಲಿಂಗ್ಟನ್‌ರ ಬಳಿಗೆ ಹೋದರು. ವೆಬ್ ಮಾತ್ರ ತಂಡ ಕಟ್ಟುವುದನ್ನು ಬಿಡಲಿಲ್ಲ.

ಬಿಗ್ ಬ್ಯಾಂಡ್ ಎಂದರೆ ಹನ್ನೆರಡರಿಂದ ಹದಿನಾರು ಮಂದಿಯ ವಾದ್ಯಮೇಳ. ಟ್ರಂಪೆಟ್, ಟ್ರಾಂಬೋನ್, ಸ್ಯಾಕ್ಸೋಫೋನ್‌ಗಳ ಸಾಲುಗಳು ಮುಂದೆ. ಪಿಯಾನೋ, ಗಿಟಾರ್, ಬಾಸ್, ಡ್ರಮ್‌ಗಳ ಲಯವಿಭಾಗ ಅವರ ಬೆನ್ನಿಗೆ. ಇಷ್ಟು ಜನರ ಉಸಿರನ್ನೂ, ಎದುರಿಗೆ ಕುಣಿಯುವ ಸಾವಿರಾರು ಕಾಲುಗಳನ್ನೂ ಒಂದೇ ನಡೆಯಲ್ಲಿ ಹಿಡಿದಿಡುವ ಹೊಣೆ ಡ್ರಮ್‌ವಾದಕನದು. ಸಾಮಾನ್ಯವಾಗಿ ಆತನು ಹಿಂದೆ ಕುಳಿತು ನಾಯಕನ ಸನ್ನೆಗೆ ಕಾಯುತ್ತಾನೆ. ವೆಬ್ ಈ ಕ್ರಮವನ್ನೇ ತಿರುಗಿಸಿದನು. ನಾಯಕನೂ ಅವನೇ, ಸನ್ನೆಯೂ ಅವನದೇ. ಅವನ ಕೋಲಿನ ಒಂದು ಪೆಟ್ಟಿನಿಂದ ತಂಡವು ಏರುತ್ತಿತ್ತು, ಇಳಿಯುತ್ತಿತ್ತು, ತಿರುಗುತ್ತಿತ್ತು. ಆತನಿಗೆ ಸ್ವರಲಿಪಿ ಓದಲು ಬರುತ್ತಿರಲಿಲ್ಲ. ಅಭ್ಯಾಸದ ಹೊತ್ತಿನಲ್ಲಿ ಪ್ರತಿಯೊಂದು ವಾದ್ಯದ ಭಾಗವನ್ನೂ ಕಿವಿಯಿಂದಲೇ ಗ್ರಹಿಸಿ, ಇಡೀ ರಚನೆಯನ್ನು ಕಂಠಪಾಠ ಮಾಡಿಕೊಳ್ಳುತ್ತಿದ್ದನು. ಚಿಕ್ಕ ದೇಹಕ್ಕೆ ಎಟುಕುವಂತೆ ಕಾಲ್ತುಳಿಗಳನ್ನು ವಿಶೇಷವಾಗಿ ಮಾಡಿಸಿಕೊಂಡಿದ್ದನು. ಅವನ ದೊಡ್ಡ ಡ್ರಮ್ಮಿನ ವ್ಯಾಸವೇ 28 ಅಂಗುಲ. ಅದರ ಹಿಂದೆ ಕುಳಿತಾಗ ಮನುಷ್ಯ ಕಾಣುವುದು ಕಡಿಮೆ, ಕೇಳುವುದೇ ಹೆಚ್ಚು.

ಆತನ ಕರ್ಮಭೂಮಿ ಹಾರ್ಲೆಮ್‌ನ ಸವಾಯ್ ನೃತ್ಯಮಂದಿರ. 1926ರ ಮಾರ್ಚ್‌ನಲ್ಲಿ ತೆರೆದ ಈ ಮಂದಿರದ ಹಿರಿಮೆ ಅದರ ವಿಸ್ತಾರದಲ್ಲಿರಲಿಲ್ಲ. ಕಪ್ಪು ಕಲಾವಿದರು ವೇದಿಕೆಯ ಮೇಲೆ ನುಡಿಸಬಹುದು, ಆದರೆ ಶ್ರೋತೃಗಳಾಗಿ ಒಳಗೆ ಬರುವಂತಿಲ್ಲ ಎಂಬ ನಿಯಮ ನ್ಯೂಯಾರ್ಕ್‌ನ ಹೆಸರಾಂತ ಕ್ಲಬ್ಬುಗಳಲ್ಲೂ ಇದ್ದ ಕಾಲವದು. ಸವಾಯ್‌ನಲ್ಲಿ ಕಪ್ಪುಜನ, ಬಿಳಿಯಜನ ಒಂದೇ ಹಲಗೆನೆಲದ ಮೇಲೆ ಕುಣಿದರು. ದೇವರ ಮೆರವಣಿಗೆಗೆ ಹಲಗೆ ಬೇಕು, ಹಲಗೆಯವನು ಮಾತ್ರ ಗುಡಿಯ ಹೊರಗಿರಬೇಕು ಎಂಬ ಕಟ್ಟಳೆಯನ್ನು ಕಂಡ ನಾಡಿನವರಾದ ನಮಗೆ ಈ ಮಾತಿನ ತೂಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

1930ರ ದಶಕದ ಆರಂಭದಿಂದ ವೆಬ್‌ನ ತಂಡ ಸವಾಯ್‌ನ ಮನೆತಂಡವೇ ಆಯಿತು. ತಂಡದಲ್ಲಿದ್ದ ಎಡ್ಗರ್ ಸ್ಯಾಂಪ್ಸನ್ ರಚಿಸಿದ 'ಸ್ಟಾಂಪಿನ್ ಅಟ್ ದ ಸವಾಯ್' 1934ರಲ್ಲಿ ಧ್ವನಿಮುದ್ರಣಗೊಂಡಿತು. ಅದೇ ರಚನೆಯನ್ನು ಬಳಿಕ ನುಡಿಸಿದ ಬಿಳಿಯ ನಾಯಕ ಬೆನ್ನಿ ಗುಡ್‌ಮನ್‌ಗೆ ಹೆಚ್ಚಿನ ಹೆಸರು ಬಂದಿತು. 1935ರಲ್ಲಿ ವೆಬ್ ತನ್ನ ತಂಡಕ್ಕೆ ಹದಿನೇಳು ವರ್ಷದ ಒಬ್ಬ ಹುಡುಗಿಯನ್ನು ಸೇರಿಸಿಕೊಂಡನು. ತಾಯಿಯನ್ನು ಕಳೆದುಕೊಂಡು ಬೀದಿಪಾಲಾಗಿದ್ದ ಅವಳ ಮಾಸಿದ ಉಡುಗೆಯನ್ನು ಕಂಡು ಆತ ಮೊದಲು ಹಿಂಜರಿದದ್ದುಂಟು. ದನಿ ಕೇಳಿದ ಮೇಲೆ ಮನಸ್ಸು ಬದಲಿಸಿದನು. ಅವಳೇ ಎಲ್ಲಾ ಫಿಟ್ಜ್‌ಜೆರಾಲ್ಡ್. ಮಕ್ಕಳ ಹಾಡೊಂದನ್ನು ಆಧರಿಸಿ ಅವಳು ಹಾಡಿದ 'ಎ-ಟಿಸ್ಕೆಟ್, ಎ-ಟಾಸ್ಕೆಟ್' 1938ರಲ್ಲಿ ಇಡೀ ಅಮೆರಿಕೆಯ ನಾಲಿಗೆಯ ಮೇಲಿತ್ತು.

ಸವಾಯ್‌ನಲ್ಲಿ ಎರಡು ವೇದಿಕೆಗಳಿದ್ದವು. ಒಂದೇ ರಾತ್ರಿ ಎರಡು ತಂಡಗಳು ಎದುರುಬದುರಾಗಿ ಸೆಣಸುತ್ತಿದ್ದವು; ನಮ್ಮ ಕಡೆಯ ಸವಾಲ್-ಜವಾಬ್ ಪದಗಳನ್ನು ಬಲ್ಲವರಿಗೆ ಇದು ಹೊಸತೆನಿಸದು. 1937ರ ಮೇ 11ರಂದು 'ಸ್ವಿಂಗ್ ಸಂಗೀತದ ರಾಜ'ನೆನಿಸಿದ್ದ ಗುಡ್‌ಮನ್ ತನ್ನ ತಂಡದೊಡನೆ ಅಲ್ಲಿಗೆ ಬಂದನು. ಆ ತಂಡದ ಡ್ರಮ್‌ವಾದಕ ದೇಶವೇ ಬಲ್ಲ ಜೀನ್ ಕ್ರುಪಾ. ಒಳಗೆ ಸುಮಾರು 4,000 ಜನ. ಪ್ರವೇಶ ಸಿಗದೆ ಹೊರಗುಳಿದವರು ಇನ್ನೂ ಸಾವಿರಾರು. ರಾತ್ರಿ ಮುಗಿಯುವಷ್ಟರಲ್ಲಿ ಗೆದ್ದವರಾರೆಂಬ ಸಂದೇಹ ಉಳಿಯಲಿಲ್ಲ. ಕ್ರುಪಾ ಎದ್ದುನಿಂತು ವೆಬ್‌ಗೆ ತಲೆಬಾಗಿ ವಂದಿಸಿದನು. 1938ರ ಜನವರಿ 16ರಂದು ಗುಡ್‌ಮನ್‌ನ ತಂಡ ಕಾರ್ನೆಗಿ ಸಭಾಂಗಣದಲ್ಲಿ ಐತಿಹಾಸಿಕ ಕಚೇರಿ ನೀಡಿದ ರಾತ್ರಿಯೇ ಸವಾಯ್‌ನಲ್ಲಿ ವೆಬ್ ಕೌಂಟ್ ಬೇಸಿಯ ತಂಡವನ್ನು ಎದುರಿಸಿದನು. ಆ ಸ್ಪರ್ಧೆಯ ಫಲದ ಬಗ್ಗೆ ಮಾತ್ರ ಕೇಳಿದವರಲ್ಲಿ ಒಮ್ಮತವಿರಲಿಲ್ಲ.

ಈ ಜಯಘೋಷದ ಹಿಂದೆ ತೀರದ ನೋವಿತ್ತು. ಬೆನ್ನಿನ ಬೇನೆ ಹೆಚ್ಚುತ್ತಿದ್ದರೂ ವೆಬ್ ಊರೂರು ಸುತ್ತುವುದನ್ನು ನಿಲ್ಲಿಸಲಿಲ್ಲ. ತಾನು ನಿಂತರೆ ಹತ್ತಾರು ಸಂಸಾರಗಳ ಅನ್ನ ನಿಲ್ಲುತ್ತದೆಂಬುದು ನಾಯಕನಾದವನಿಗೆ ತಿಳಿಯದ ಮಾತೇನಲ್ಲ. ಶಸ್ತ್ರಚಿಕಿತ್ಸೆಗೆಂದು ಹುಟ್ಟೂರಿನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆ ಸೇರಿದ ಆತನು 1939ರ ಜೂನ್ 16ರಂದು ತೀರಿಕೊಂಡನು. ಆಗ ಆತನಿಗೆ ಕೇವಲ 34 ವರ್ಷ. ತಂಡವನ್ನು 1942ರವರೆಗೆ ಎಲ್ಲಾ ಫಿಟ್ಜ್‌ಜೆರಾಲ್ಡ್ ನಡೆಸಿದಳು. ಮುಂದೆ ಜಗತ್ತು ಬಲ್ಲ ಗಾಯಕಿಯಾದಳು. ಸವಾಯ್ ಮಂದಿರ 1958ರಲ್ಲಿ ಮುಚ್ಚಿತು. ಬಾಲ್ಟಿಮೋರ್‌ನಲ್ಲಿ ಮಕ್ಕಳಿಗಾಗಿ ಕಟ್ಟಿದ ಕ್ರೀಡಾ-ಮನರಂಜನಾ ಕೇಂದ್ರವೊಂದು ವೆಬ್‌ನ ಹೆಸರನ್ನು ಹೊತ್ತಿದೆ.

ನಾದಕ್ಕೆ ಮಾತ್ರ ಸಾವಿಲ್ಲ. ವೆಬ್‌ನನ್ನು ಕೇಳಿ ಬೆಳೆದವರಲ್ಲಿ ಬಡ್ಡಿ ರಿಚ್ ಒಬ್ಬರು. ಅವರು ನಮ್ಮ ತಬಲಾ ಮಾಂತ್ರಿಕ ಅಲ್ಲಾ ರಖಾರೊಡನೆ ಸೇರಿ 1968ರಲ್ಲಿ 'ರಿಚ್ ಅ ಲಾ ರಖಾ' ಎಂಬ ಧ್ವನಿಮುದ್ರಿಕೆಯನ್ನು ಹೊರತಂದರು. ಹಾರ್ಲೆಮ್‌ನ ಪೆಟ್ಟು ಹೀಗೆ ತಬಲೆಯ ಬೋಲುಗಳವರೆಗೆ ಬಂದು ಮುಟ್ಟಿತು.

ಚಿಕ್ ವೆಬ್‌ನ ಬದುಕು ಇಂದು ನಮಗೆ ತಿಳಿದಿರುವುದೇಕೆ? ಆತನ ಪೆಟ್ಟುಗಳು ತಟ್ಟೆಗಳ ಮೇಲೆ ಮುದ್ರಿತವಾದವು, ಪತ್ರಿಕೆಗಳು ಬರೆದವು, ಜೊತೆಗಾರರು ನೆನೆದು ಹೇಳಿದರು. ಕೃಷ್ಣೆಯ ಈ ದಂಡೆಯ ಹಲಗೆಯವರಿಗೆ, ಮದ್ದಳೆಯವರಿಗೆ ಆ ಭಾಗ್ಯವಿಲ್ಲ. ಗಡಿನಾಡಿನ ಕನ್ನಡವನ್ನು ಉಳಿಸಬೇಕೆಂದು ನಾವು ವೇದಿಕೆಯಿಂದ ಹೇಳುತ್ತೇವೆ. ಆ ವೇದಿಕೆಗೆ ಮೆರವಣಿಗೆ ಬಂದದ್ದು ಯಾರ ಹಲಗೆಯ ಹಿಂದೆ ಎಂದು ಕೇಳುವುದಿಲ್ಲ. ಸಾಹಿತ್ಯ ಸಮ್ಮೇಳನವೊಂದು ಮಾಡಬಹುದಾದ ಚಿಕ್ಕ ಕೆಲಸವೊಂದಿದೆ. ನಮ್ಮ ಮಕ್ಕಳು ತಮ್ಮ ತಮ್ಮ ಊರಿನ ಹಿರಿಯ ವಾದಕರ ಬಳಿ ಕುಳಿತು, ಅವರ ಹೆಸರು, ಅವರಿಗೆ ಕಲಿಸಿದವರ ಹೆಸರು, ಅವರು ಬಲ್ಲ ನಡೆಗಳ ಹೆಸರುಗಳನ್ನು ಬರೆದುಕೊಳ್ಳಲಿ. ಮುಂದಿನ ಸಂಚಿಕೆಯಲ್ಲಿ ಆ ಪಟ್ಟಿ ಅಚ್ಚಾದರೆ, ಈ ಲೇಖನದಲ್ಲಿ ಹಾರ್ಲೆಮ್‌ಗೆ ಸಂದ ಸ್ಥಳ ನಮ್ಮ ಊರುಗಳಿಗೂ ಸಂದಂತಾಗುತ್ತದೆ.